ಮೂವತ್ತು ಬೆಳಗಿನ ಚುಕ್ಕೆಗಳು

"ಮಾತ್ರೆ ಇಲ್ಲದ ಕುಟುಂಬ ಯೋಜನೆ ಅಂದ್ರೆ ಹಳೇ ಕ್ಯಾಲೆಂಡರ್ ಲೆಕ್ಕ ತಾನೇ ಸಿಸ್ಟರ್? ಅದಕ್ಕೆ ಐದು ವಾರ ತರಬೇತಿ ಬೇಕಾ?"

ಹಿಂದಿನ ಸಾಲಿನ ಡಾಕ್ಟರ್ ಹಾಗೆ ಕೇಳಿದ್ದೇ ತಡ, ತರಬೇತಿಗೆ ಬಂದ ವೈದ್ಯರು, ನರ್ಸುಗಳೆಲ್ಲ ನಕ್ಕರು. ಪಾಠ ಹೇಳುತ್ತಿದ್ದ ನರ್ಸಮ್ಮನಿಗೆ ಮೈಯೆಲ್ಲ ಉರಿದುಹೋಯಿತು!

"ಗರ್ಭ ನಿಲ್ಲೋ ದಿನಗಳನ್ನ ಹೇಗೆ ಗುರುತಿಸ್ತೀರಾ, ಹೇಳಿ ಡಾಕ್ಟ್ರೇ."

"...ಗೊತ್ತಿಲ್ಲ."

"ಕೇಳೋಕೆ ಬಂದ ದಂಪತಿಗೂ ಹೀಗೇ ಹೇಳ್ತೀರಾ?"

ಈ ಸಲ ಮೊದಲು ನಕ್ಕವನು ಅವನೇ. ಅಲ್ಲೇ ಎಡವಟ್ಟಾಯಿತು ನೋಡಿ, ಆ ನಗು ಅವಳಿಗೆ ಇಷ್ಟವಾಗಿಬಿಟ್ಟಿತು.

ಮುಂದಿನ ವಾರದಿಂದ ಅವನು ಮುಂದಿನ ಸಾಲಿಗೆ ಬಂದ. ತರಗತಿ ಮುಗಿದರೂ ಹೋಗದೆ, ಕುರ್ಚಿ ಜೋಡಿಸುತ್ತಾ ಅನುಮಾನ ಕೇಳುತ್ತಿದ್ದ. ಗರ್ಭ ನಿಲ್ಲುವ ದಿನ ತಿಳಿಯಲು ದಿನಾ ಮೈ ತಾಪಮಾನ ಅಳೆಯುವಾಗ ಜ್ವರ ಬಂದ ದಿನದ್ದನ್ನೂ ಲೆಕ್ಕಕ್ಕೆ ಹಿಡಿಯಬಹುದೇ, ರಾತ್ರಿ ಪಾಳಿಯವರು ಯಾವಾಗ ಅಳೆಯಬೇಕು... ಇದೆಂಥ ಪ್ರೇಮ ಸಲ್ಲಾಪ ಎಂದು ನಗಬೇಡಿ. ಅವಳಂತೂ ಅದಕ್ಕಾಗಿ ವಾರವಿಡೀ ಕಾಯುತ್ತಿದ್ದಳು.

ಎಲ್ಲರಿಗೂ ಒಂದು ಮನೆಗೆಲಸವಿತ್ತು. ದಿನಾ ಬೆಳಿಗ್ಗೆ ಹಾಸಿಗೆ ಬಿಡುವ ಮುನ್ನ ತಾಪಮಾನ ಅಳೆದು, ಮೂವತ್ತು ದಿನದ ಚಾರ್ಟ್ ತರಬೇಕು. ಹೆಂಗಸರು ತಮ್ಮದು, ಗಂಡಸರು ಹೆಂಡತಿ ಒಪ್ಪಿದರೆ ಅವಳದು. ಮದುವೆಯಾಗದ ಗಂಡಸರು ತೆಗೆದುಕೊಳ್ಳಲೆಂದು ನರ್ಸಮ್ಮ ಮಾದರಿ ಚಾರ್ಟುಗಳನ್ನು ಮೇಜಿನ ಮೇಲಿಟ್ಟಿದ್ದಳು.

ಕೊನೆಯ ದಿನ ಬೆಳಿಗ್ಗೆ ಅವನು ಕೈಯಾರೆ ಚುಕ್ಕೆಯಿಟ್ಟ ಚಾರ್ಟನ್ನು ಅವಳ ಮೇಜಿನ ಮೇಲಿಟ್ಟ.

'ಅಂದ್ರೆ ಇವನಿಗೆ ಹೆಂಡತಿ ಇದ್ದಾಳೆ... ನಾನೆಂಥ ಪೆದ್ದಿ!'

ಕಣ್ಣು ತುಂಬಿತು. ಆದರೂ ಚಾರ್ಟ್ ಓದಿದಳು. ಅಂಡ ಬಿಡುಗಡೆಯಾದ ಮೇಲೆ ಏರಬೇಕಾದ ತಾಪಮಾನ ಇಲ್ಲಿ ಏರಿರಲೇ ಇಲ್ಲ. ಕಾಣದ ಆ ಹೆಂಗಸಿನ ಮೇಲೆ ಅವಳಿಗೆ ಕನಿಕರವೇ ಹುಟ್ಟಿತು.

ಸಂಜೆ ಎಲ್ಲರೂ ಹೋದ ಮೇಲೆ ಅವನನ್ನು ಕರೆದು ಮೆಲ್ಲಗೆ ಹೇಳಿದಳು. "ಗಾಬರಿ ಆಗ್ಬೇಡಿ... ಈ ತಿಂಗಳು ನಿಮ್ಮ ಹೆಂಡತಿಗೆ ಅಂಡ ಬಿಡುಗಡೆ ಆಗಿಲ್ಲ ಅನ್ಸುತ್ತೆ. ಒಂದ್ಸಲ ತೋರಿಸಿ."

ಅವನ ಕಿವಿ ಕೆಂಪಾಯಿತು. "ಯಾವ ತಿಂಗಳೂ ಆಗಲ್ಲ. ಅದು ನಂದು."

"ಏನು?!"

"ನಂಗೆ ಮದುವೆನೇ ಆಗಿಲ್ಲ. ದಿನಾ ಅಳೀರಿ ಅಂತ ಹೆಂಗಸರಿಗೆ ಹೇಳೋ ಮೊದಲು, ಅದೆಷ್ಟು ಕಷ್ಟ ಅಂತ ನೋಡೋಣ ಅನ್ನಿಸ್ತು. ಒಂದಿನ ಮರೆತು ಎದ್ದು, ಮತ್ತೆ ಹೋಗಿ ಮಲಗಿದೆ!"

ಅಬ್ಬಾ! ಅವಳು ಕುರ್ಚಿಯಲ್ಲಿ ಕುಸಿದು ನಕ್ಕಳು. ನಗುತ್ತಲೇ ಅತ್ತಳು.

"ಅಯ್ಯೋ, ಯಾಕೆ ಅಳ್ತಿದ್ದೀರಾ?"

"ನಿಮಗೆ ಹೆಂಡತಿ ಇದ್ದಾಳೆ ಅಂದ್ಕೊಂಡು ಬೆಳಗ್ಗಿಂದ ಜೀವ ಹೋಗಿತ್ತು ಕಣ್ರೀ!"

ಮಾತು ಬಾಯಿಂದ ಜಾರಿಬಿಟ್ಟಿತ್ತು. ಅವನು ಎದುರಿಗೇ ಕುರ್ಚಿ ಎಳೆದು ಕೂತ.

"ಇವತ್ತು ಹೇಳದಿದ್ರೆ ಇನ್ಯಾವತ್ತೂ ಹೇಳೋಕಾಗಲ್ಲ ಅಂತ ನಾನೂ ಒದ್ದಾಡ್ತಿದ್ದೆ. ನೀವಂದ್ರೆ ನಂಗೆ ತುಂಬಾ ಇಷ್ಟ."

ಅವಳು ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು. "ಮನೆಗೆ ಬಂದು ಅಮ್ಮನ ಹತ್ರ ಮಾತಾಡಿ. ಚಾರ್ಟ್ ವಿಷ್ಯ ಮಾತ್ರ ಎತ್ತಬೇಡಿ!"

"ನಾಳೆ ಬರಲಾ?"

"ನಾಳೆ ಯಾಕೆ... ಇವತ್ತೇ ಬನ್ನಿ."