ಮಣ್ಣಿನ ಮೇಲೆ ಒಂದೇ ಗುರುತು

“ಚೆಂಡು ಎರಡು ಸಲ ಪುಟಿಯಿತು,” ಎಂದು ಜವ್ಲೋನ್ ಕೈಯೆತ್ತಿದ. ಎದುರಾಳಿಗಳು ಆಕ್ಷೇಪ ಎತ್ತಿರಲೇ ಇಲ್ಲ.

ಬರ್ನೋ ಗಕ್ಕನೆ ತಿರುಗಿದಳು. ಮಾರ್ಗಿಲಾನ್ ಊರಿನ ಆ ಮಣ್ಣಿನ ಟೆನಿಸ್ ಅಂಗಳದಲ್ಲಿ ಅಂಪೈರ್ ಇಲ್ಲ. ಆಡುವವರ ಮಾತೇ ತೀರ್ಪು. ಕಾಲಬುಡದಲ್ಲಿ ಬಿದ್ದ ಚೆಂಡು ನೆಲ ಬಿಟ್ಟೇಳುವ ಕ್ಷಣದಲ್ಲೇ ಅವಳು ಬಾಗಿ ಎತ್ತಿ ಹೊಡೆದಿದ್ದಳು. ಅಪ್ಪಟ ಹಾಫ್ ವಾಲಿ. ತನ್ನ ಜೊತೆ ಆಡುತ್ತಿದ್ದ ಜವ್ಲೋನನ ಒಂದು ಮಾತಿಗೆ ಪಾಯಿಂಟು ಹೋಯಿತು, ಅದರ ಹಿಂದೆಯೇ ಪಂದ್ಯವೂ.

“ಹೊಡೆದವಳು ನಾನು. ನನ್ನ ಒಂದು ಮಾತು ಕೇಳಿದ್ಯಾ?”

“ಕಣ್ಣಿಗೆ ಕಂಡದ್ದು ಹೇಳಿದೆ. ಮೇಲೊಬ್ಬ ನೋಡ್ತಿರ್ತಾನಲ್ಲ.”

“ಅವನು ನೋಡಿದಾನೆ. ನೀನೇ ನೋಡಿಲ್ಲ.”

ಅವಳು ಉರಿಯುವ ಮುಖಕ್ಕೆ ನೀರು ಹಾಕಿಕೊಂಡು ಬರುವಷ್ಟರಲ್ಲಿ, ಸೋತವರ ಪಾಲಿನ ಕೆಲಸವೆಂದು ಅವನು ಅಂಗಳವನ್ನೆಲ್ಲ ಗುಡಿಸಿಬಿಟ್ಟಿದ್ದ. ಚೆಂಡಿನ ಗುರುತೂ ಅಳಿಸಿಹೋಗಿತ್ತು. ಅವಳ ಹುಬ್ಬಿನ ನಡುವಿನ ಗಂಟನ್ನು ಅವನು ನೋಡಿದ. ಬೇರೆ ದಿನವಾದರೆ ಬೆರಳಿಂದ ಬಿಡಿಸಲೇ ಎಂದು ಕಾಡುತ್ತಿದ್ದ. ಇಂದು ಕಣ್ಣು ತಗ್ಗಿಸಿದ.

“ಶುಕ್ರವಾರ ನಮ್ಮಮ್ಮ ನಿಮ್ಮನೆಗೆ ರೊಟ್ಟಿ ಮುರಿಯೋಕೆ...”

“ಬರಲಿ. ಚಹಾ ಕುಡಿದು ಹೋಗಲಿ. ನನ್ನ ನಂಬದವನ ಜೊತೆ ನಾನು ಬಾಳಲ್ಲ.”

ಹಿರಿಯರು ಕೂತು ರೊಟ್ಟಿ ಮುರಿದರೆಂದರೆ ಹೆಣ್ಣು ಕೊಟ್ಟಂತೆ. ದೇವರ ಹೆಸರಲ್ಲಿ ಆಡಿದ ಮಾತು, ಹಿಂತೆಗೆಯುವಂತಿಲ್ಲ.

“ಒಂದು ಚೆಂಡಿಗೆ ಇಷ್ಟೊಂದಾ ಮಗಳೇ?” ಎಂದಳು ಮನೆಯಲ್ಲಿ ಬರ್ನೋಳ ತಾಯಿ.

“ಚೆಂಡಿಗಲ್ಲಮ್ಮ.”

ತಾಯಿ ಇದನ್ನು ಗಂಡನಿಗೆ ಹೇಳಲಿಲ್ಲ. ದಿನ ಕಳೆದರೆ ಸಿಟ್ಟು ಕರಗೀತು ಎಂದುಕೊಂಡಳು. ಕರಗಲಿಲ್ಲ.

ಶುಕ್ರವಾರ ಬಂದಿತು, ಜವ್ಲೋನನ ಮನೆಯ ಹಿರಿಯರೂ ಬಂದು ಕೂತರು. ಬೇಡವೆಂದು ಎಲ್ಲರೆದುರೇ ಹೇಳಿಬಿಡಲು ಬರ್ನೋ ಚಹಾದ ಕೆಟಲು ಹಿಡಿದು ಹೊರಬಂದಳು. ಬಾಯಿ ತೆರೆಯುವ ಮುಂಚೆಯೇ ಬಾಗಿಲಲ್ಲಿ ಜವ್ಲೋನ್ ನಿಂತಿದ್ದ. ಈ ಶಾಸ್ತ್ರಕ್ಕೆ ಹುಡುಗ ಬರುವ ಪದ್ಧತಿಯಿಲ್ಲ.

“ತಡೀಲಾರ್ದೆ ಓಡಿ ಬಂದ್ಯೇನಪ್ಪಾ?” ಎಂದು ಅವಳ ಸೋದರಮಾವ ನಕ್ಕ.

ಜವ್ಲೋನ್ ನಗಲಿಲ್ಲ. “ಬರ್ನೋ, ಗುಡಿಸೋ ಮುಂಚೆ ಗುರುತು ನೋಡಿದ್ದೆ. ಒಂದೇ ಇತ್ತು.”

“ನೋಡಿಯೂ ಅಳಿಸಿದ್ಯಾ?”

“ಎಂಥಾ ಸತ್ಯವಂತ ಅಂತ ಎಲ್ಲರೂ ಬೆನ್ನು ತಟ್ಟಿದ್ರು. ತಪ್ಪು ನನ್ನದು ಅನ್ನೋಕೆ ನಾಚಿಕೆಯಾಯ್ತು. ಇವತ್ತು ನಮಾಜಿಗೆ ಹಣೆ ಊರಿದ್ರೆ ಅದೇ ಗುರುತು ಕಣ್ಣ ಮುಂದೆ. ಕ್ಲಬ್ಬಿಗೆ ಹೋಗಿ ಎಲ್ಲರಿಗೂ ಹೇಳಿ ಬಂದೆ. ನೀನು ಬೇಡ ಅಂದ್ರೂ ನಿನಗೂ ಹೇಳ್ಬೇಕಿತ್ತು.” ಉಸಿರು ಎಳೆದುಕೊಂಡ. “ನೀನಿಲ್ದೆ ನನಗಾಗಲ್ಲ. ಅದೂ ನಿಜ.”

ಎರಡೂ ಕೈಯಲ್ಲಿ ರೊಟ್ಟಿ ಹಿಡಿದಿದ್ದ ತಂದೆಗೆ ತಲೆಬುಡ ತಿಳಿಯಲಿಲ್ಲ. ಮಗಳ ಮುಖ ನೋಡಿದ. “ಏನು ಮಾಡಲಿ, ಹೇಳು ತಾಯಿ.”

ಬರ್ನೋ ಒಬ್ಬೊಬ್ಬರಿಗೂ ಚಹಾ ಬಗ್ಗಿಸಿದಳು. ಕೊನೆಯ ಬಟ್ಟಲು ಜವ್ಲೋನನಿಗೆ. ಅದನ್ನು ಅವನ ಕೈಗೆ ಕೊಡುವಾಗಲೂ ಹುಬ್ಬಿನ ಗಂಟು ಹಾಗೆಯೇ ಇತ್ತು.

“ಸಿಟ್ಟು ಇಳಿದಿಲ್ಲ. ಮದುವೆ ದಿನವೂ ಇಳಿಯಲ್ಲ, ನೋಡ್ತಿರು,” ಎಂದಳು.

ಆಮೇಲೆ ತಂದೆಯ ಕಡೆ ತಿರುಗಿದಳು.

“ಮುರೀರಿ ಅಪ್ಪಾ.”