ಹವಾಲ್ದಾರ ಚಿಕ್ಕೀರಯ್ಯನ ಹಾಜರಿ

ಬಹಳ ಹಿಂದೆ, ಆಕಾಶದ ಚುಕ್ಕಿಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ, ಅಂಬರಗಿರಿ ಎಂಬ ರಾಜ್ಯವಿತ್ತು. ಧೂಮಜಂಘನೆಂಬ ಮಾಂತ್ರಿಕ ಆ ರಾಜ್ಯದ ನದಿಯನ್ನು ಒಂದೇ ಗುಟುಕಿಗೆ ಕುಡಿದು ಕರಿಗುಡ್ಡದ ಮೇಲೆ ತೇಗುತ್ತ ಕೂತಿದ್ದ. ಅವನನ್ನು ಮಣಿಸಲು ಯುವರಾಜ ಮಕರಂದ ನಲವತ್ತು ಸೈನಿಕರೊಂದಿಗೆ ಹೊರಟ. ಅವರಲ್ಲದೆ ಸಾಲಿನ ಕೊನೆಯಲ್ಲಿ ಹವಾಲ್ದಾರ ಚಿಕ್ಕೀರಯ್ಯ. ಸೈನಿಕರಿಗೆಲ್ಲ ಹಿರಿಯ, ಯುವರಾಜನಿಗೆ ಆಳು. ಮೀಸೆಯೋ, ಅಬ್ಬಬ್ಬಾ, ಎರಡು ಗುಬ್ಬಿ ಕೂರುವಷ್ಟು!

ದಿನಾ ಬೆಳಗ್ಗೆ ಅವನು ಒಬ್ಬೊಬ್ಬರ ಹೆಸರು ಕೂಗುತ್ತಿದ್ದ. ಕೂಗಿಸಿಕೊಂಡವರು "ಇದ್ದೇನೆ!" ಎನ್ನಲೇಬೇಕು.

"ನನ್ನ ಹೆಸರನ್ನೂ ಸೇರಿಸಿದ್ದೀಯೇನು?" ಯುವರಾಜ ಸಿಡುಕಿದ. "ಅಳಿಸು! ಆಳುಗಳ ಪಟ್ಟಿಯಲ್ಲಿ ನಾನೇ? ಅದಿರಲಿ, ಆಜ್ಞೆ ಕೊಡುವವನು ನಾನು, ಕಾದುವವರು ಅವರು. ನಡುವೆ ನಿನ್ನ ಕೆಲಸವೇನಯ್ಯ?"

"ಹೋದಷ್ಟೂ ಜನ ಮನೆಗೆ ಬರಬೇಕಲ್ಲ ಬುದ್ಧಿ, ಅದೇ ನನ್ನ ಕೆಲಸ," ಎಂದು ಚಿಕ್ಕೀರಯ್ಯ ಹೆಸರು ಅಳಿಸಿದ.

ಮೊದಲು ಕೆಂಡದ ಬಯಲು ಬಂತು. ಯಾರ ಕಾಲೂ ಸುಡಲಿಲ್ಲ. ಹವಾಲ್ದಾರ ಹಿಂದಿನ ದಿನವೇ ಬೈದು ಬೈದು ಎಲ್ಲರ ಮೆಟ್ಟಿಗೂ ಎರಡೆರಡು ಅಟ್ಟೆ ಹೊಲಿಸಿದ್ದ.

ಆಮೇಲೆ ಮಾತಾಡುವ ಹುಲಿಗಳು ಚಿನ್ನದ ತಟ್ಟೆಯಲ್ಲಿ ಔತಣ ಬಡಿಸಿದವು. ಹವಾಲ್ದಾರ ರುಚಿ ನೋಡದೆ ಯಾರೂ ಉಣ್ಣುವಂತಿಲ್ಲ, ಅದು ದಂಡಿನ ಕಟ್ಟಳೆ. ಒಂದು ತುತ್ತು ಬಾಯಿಗಿಟ್ಟವನೇ ಥೂ ಎಂದು ಉಗಿದ. "ಉಪ್ಪೇ ಇಲ್ಲ! ಮಾಯದಡುಗೆ ಇದು, ಏಳ್ರೋ!" ಹುಲಿಗಳು ನಾಚಿ, ಬೆಕ್ಕುಗಳಾಗಿ ಓಡಿಹೋದವು.

ಮೂರನೆಯದು, ಕರಿಗುಡ್ಡದ ತಿರುವಿನಲ್ಲಿ ಮಾಂತ್ರಿಕ ದಂಡಿನ ಮೇಲೆ ಊದಿದ ಹೊಗೆ. ಯಾರೂ ಹಿಂದುಳಿದಿಲ್ಲವೆಂದು ನೋಡಿಕೊಂಡು ಹವಾಲ್ದಾರ ಕಟ್ಟಕಡೆಗೆ ತಿರುವು ದಾಟುವಷ್ಟರಲ್ಲಿ ಹೊಗೆ ಕರಗಿತ್ತು, ಎದುರಿಗೆ ಒಂದೇ ತೆರನ ನಲವತ್ತೊಂದು ಕರಿಗಲ್ಲು!

"ಅವರಿಗೆ ತಮ್ಮ ಹೆಸರೇ ಮರೆತಿದೆ!" ಧೂಮಜಂಘ ಗಹಗಹಿಸಿದ. "ಹೊತ್ತು ಮುಳುಗುವುದರೊಳಗೆ ಅಷ್ಟೂ ಕಲ್ಲು ಓಗೊಟ್ಟರೆ ನಾನು ಬೂದಿ. ಒಂದು ಉಳಿದರೂ ಎಲ್ಲರೂ ಎಂದೆಂದಿಗೂ ಕಲ್ಲೇ!"

ಚಿಕ್ಕೀರಯ್ಯ ಪಟ್ಟಿ ತೆಗೆಯಲೂ ಇಲ್ಲ. ಎದೆ ಸೆಟೆಸಿ ನಿಂತ.

"ಮಾದಣ್ಣ!"

"ಇದ್ದೇನೆ!" ಕಲ್ಲು ಸಿಡಿದು ಮಾದಣ್ಣ ಎದ್ದ.

"ಉಗ್ರಯ್ಯ!"

"ಇದ್ದೇನೆ!"

"ತಿಪ್ಪೇಶಿ! ಲೇ ತಿಪ್ಪೇಶಿ, ಕಲ್ಲಾದರೂ ನಿದ್ದೆಯೇನೋ!"

"ಇದ್ದೇನೆ, ಇದ್ದೇನೆ!"

ಹೀಗೆ ನಲವತ್ತೂ ಮುಗಿಯಿತು. ಒಂದು ಕಲ್ಲು ಉಳಿಯಿತು. ಸೂರ್ಯ ಗುಡ್ಡಕ್ಕೆ ತಾಗಿದ.

"ಯುವರಾಜರೇ!" ಕಲ್ಲು ಮಿಸುಕಲಿಲ್ಲ. "ಬುದ್ಧಿ! ಮಹಾಸ್ವಾಮಿ!" ಊಹೂಂ. ಅವೆಲ್ಲ ಬಿರುದುಗಳು, ಹೆಸರಲ್ಲವಲ್ಲ! ಆದರೆ ಒಡೆಯನನ್ನು ಆಳು ಹೆಸರು ಹಿಡಿದು ಕೂಗಿದರೆ ಅಂಬರಗಿರಿಯಲ್ಲಿ ತಲೆದಂಡ. ಚಿಕ್ಕೀರಯ್ಯ ಒಮ್ಮೆ ಕುತ್ತಿಗೆ ಸವರಿಕೊಂಡ. ಹೋದಷ್ಟೂ ಜನ ಮನೆಗೆ ಬರಬೇಕು.

"ಮಕರಂದ! ಲೇ ಮಕರಂದ! ಹಾಜರಿ ಹೇಳೋ!"

"ಇದ್ದೇನೆ, ಹವಾಲ್ದಾರರೇ!"

ಕಲ್ಲು ಸಿಡಿಯಿತು, ಮಾಂತ್ರಿಕ ಬೂದಿಯಾದ, ನದಿ ಭೋರೆಂದು ಊರಿಗಿಳಿಯಿತು! ಹವಾಲ್ದಾರ ಮಂಡಿಯೂರಿ ತಲೆ ಬಗ್ಗಿಸಿದ. ಯುವರಾಜ ಅವನನ್ನು ಎತ್ತಿ ನಿಲ್ಲಿಸಿದ. "ತಲೆ ನಿಮ್ಮಲ್ಲೇ ಇರಲಿ. ನಾಳೆ ಹಾಜರಿ ಕೂಗಬೇಕಲ್ಲ, ನನ್ನ ಹೆಸರೂ ಸೇರಿಸಿ."

ಮುಂದೆ ಮಕರಂದ ಮಹಾರಾಜನಾದ. ಅಂಬರಗಿರಿಯ ಜನ ಹೊಳೆಯ ನೀರು ಕುಡಿದು ನೂರ್ಕಾಲ ನಕ್ಕು ಬಾಳಿದರು. ಬೆಳಗಾದರೆ ಮಾತ್ರ ಮಹಾರಾಜ ಕಿರೀಟವನ್ನು ಕಂಕುಳಲ್ಲಿ ಇರುಕಿಕೊಂಡು ಓಡಿ ಬಂದು, ತಿಪ್ಪೇಶಿಯ ಪಕ್ಕ ನಿಂತು, ತಡವಾದದ್ದಕ್ಕೆ ಬೈಸಿಕೊಳ್ಳುತ್ತಿದ್ದ.