ಸ್ನಾಯುವಿನ ಸಾಕ್ಷಿ

ದಾಕ್ಷಾಯಣಿಯ ತೊಡೆಗೆ ಸುತ್ತಿದ್ದ ಬೂದು ಬಣ್ಣದ ಪಟ್ಟಿಯಿಂದ ಮೋಟಾರ್ ಸೈಕಲ್ಲಿನ ಸದ್ದು ಬರುತ್ತಿತ್ತು. ದೂರದಲ್ಲಿ ಯಾರೋ ಗಾಡಿ ನಿಲ್ಲಿಸಿಕೊಂಡು ಆಕ್ಸಿಲರೇಟರ್ ತಿರುವಿ, ಬಿಟ್ಟು, ಮತ್ತೆ ತಿರುವುತ್ತಿರುವಂತೆ ಅದು ಏರಿ ಇಳಿಯುತ್ತಿತ್ತು.

“ಕಾಲು ಸಡಿಲ ಬಿಡಿ,” ಎಂದರು ಡಾ. ಫ್ಲೇವಿಯಾ ಲೋಬೊ.

“ಆಗಲೇ ಬಿಟ್ಟೇನ್ರೀ ಮೇಡಮ್.”

“ನೀವು ಬಿಟ್ಟಿದ್ದೀರಿ. ನಿಮ್ಮ ಸ್ನಾಯು ಬಿಟ್ಟಿಲ್ಲ.”

ಆ ಪಟ್ಟಿಯ ಹೆಸರು ಸ್ನಾಯುಶ್ರಾವಕ. ಸ್ನಾಯುರೋಗ ಪತ್ತೆಗೆ ಸೂಜಿ ಚುಚ್ಚಿ, ಮಾಂಸದ ಚೂರು ಕತ್ತರಿಸಿ ತೆಗೆಯುತ್ತಿದ್ದ ಕಾಲ ಮುಗಿದಿತ್ತು. ಪ್ರತಿಯೊಂದು ಸ್ನಾಯುತಂತುವಿನಲ್ಲಿ ಹರಿಯುವ ಸೂಕ್ಷ್ಮ ವಿದ್ಯುತ್ತನ್ನು ಈ ಪಟ್ಟಿ ಚರ್ಮದ ಮೇಲಿಂದಲೇ ಹಿಡಿದು ಸದ್ದಾಗಿ ಬದಲಿಸುತ್ತಿತ್ತು. ಆರೋಗ್ಯವಂತರ ಸ್ನಾಯು ಬಿಗಿದಾಗ ಮಳೆ ಸುರಿದಂತೆ ಕೇಳಿಸುತ್ತದೆ, ಸಡಿಲಾದೊಡನೆ ಮೌನವಾಗುತ್ತದೆ. ದಾಕ್ಷಾಯಣಿಯದು ಮೌನವಾಗಲೇ ಇಲ್ಲ.

ಅವಳು ಗದಗ ಸೀಮೆಯ ಒಂದು ಅಗ್ನಿಶಾಮಕ ಠಾಣೆಯಲ್ಲಿ ತರಬೇತಿಗೆ ಸೇರಿದ್ದಳು. ದೂರದ ಓಟದಲ್ಲಿ ಎಲ್ಲರಿಗಿಂತ ಮುಂದಿರುತ್ತಿದ್ದವಳು, ಸೈರನ್ ಕೂಗಿದಾಗ ಮಾತ್ರ ಕುರ್ಚಿಯಿಂದೆದ್ದು ನೆಟ್ಟ ಕಂಬದಂತೆ ನಿಂತುಬಿಡುತ್ತಿದ್ದಳು. ಅಷ್ಟರಲ್ಲಿ ಉಳಿದವರು ವಾಹನ ಏರಿರುತ್ತಿದ್ದರು. ಇಂಥ ಅಂಜುಬುರುಕಿಗೆ ಈ ಕೆಲಸ ಹೇಳಿಸಿದ್ದಲ್ಲ ಎಂದು ತರಬೇತುದಾರರು ಹೇಳಿದ್ದರು. ಅವಳೂ ಹಾಗೆಯೇ ನಂಬತೊಡಗಿದ್ದಳು. ಠಾಣೆಯ ವೈದ್ಯರೊಬ್ಬರಿಗೆ ಅನುಮಾನ ಬಂದು ಹುಬ್ಬಳ್ಳಿಯ ಈ ಸಂಶೋಧನಾ ಕೇಂದ್ರಕ್ಕೆ ಕಳಿಸಿದ್ದರು.

“ಸ್ನಾಯು ಬಿಗಿಯುವುದಕ್ಕೆ ವಿದ್ಯುತ್ತು ಬೇಕು,” ಎಂದು ಡಾಕ್ಟರು ವಿವರಿಸಿದರು. “ಸಡಿಲಾಗಬೇಕಾದರೆ ಆ ವಿದ್ಯುತ್ತು ಆರಬೇಕು. ಆರಿಸುವ ಕೆಲಸ ಸ್ನಾಯುಕೋಶದ ಪೊರೆಯಲ್ಲಿರುವ ಸಣ್ಣ ಬಾಗಿಲುಗಳದು. ಅವುಗಳಲ್ಲಿ ಕ್ಲೋರೈಡ್ ಓಡಾಡುತ್ತದೆ. ನಿಮ್ಮಲ್ಲಿ ಆ ಬಾಗಿಲು ಸರಿಯಾಗಿ ತೆರೆಯುವುದಿಲ್ಲ. ಇದು ಬಿಗಿಸ್ನಾಯು ರೋಗ. ಸ್ವಲ್ಪ ನಡೆದಾಡಿದರೆ ಆ ಹೊತ್ತಿನ ಬಿಗಿತ ಸಡಿಲಾಗುತ್ತದೆ. ಮಾತ್ರೆಯೂ ಇದೆ.”

“ಅಂದ್ರ ಇದು ಅಂಜಿಕಿ ಅಲ್ಲೇನ್ರೀ?”

“ಅಲ್ಲವೇ ಅಲ್ಲ.”

ದಾಕ್ಷಾಯಣಿ ತೊಡೆಯ ಮೇಲಿನ ಪಟ್ಟಿಯನ್ನು ಒಮ್ಮೆ ಮುಟ್ಟಿ ನೋಡಿದಳು.

ದೋಷ ಯಾರಿಂದ ಬಂತೆಂದು ತಿಳಿಯಲು ತಂದೆ ತಾಯಿಯನ್ನೂ ಪರೀಕ್ಷಿಸಬೇಕಿತ್ತು. ಮುಂದಿನ ವಾರ ತಾಯಿ ಶಂಕ್ರವ್ವ ಮತ್ತು ತಂದೆ ಬಸಣ್ಣೆಪ್ಪ ಬಂದರು. ಶಂಕ್ರವ್ವನ ಕಾಲಿಗೆ ಪಟ್ಟಿ ಸುತ್ತಿದಾಗ ಅದೇ ಸದ್ದು ಕೋಣೆಯನ್ನು ತುಂಬಿತು.

“ಅವ್ವಾ, ನಂದೂ ನಿಂದೂ ಒಂದ ಗಾಡಿ,” ಎಂದು ದಾಕ್ಷಾಯಣಿ ನಕ್ಕಳು.

ಶಂಕ್ರವ್ವ ನಗಲಿಲ್ಲ. “ಇದು ನಂಗ ಯಾವಾಗಿಂದ ಐತ್ರೀ?”

“ಹುಟ್ಟಿದಾಗಿನಿಂದ, ಅಮ್ಮ.”

“ಸುವರ್ಣಾ ಇದ್ದಾಗೂ ಇತ್ತು ಹಂಗಾದ್ರ.”

ಬಸಣ್ಣೆಪ್ಪ ತಲೆ ಎತ್ತಿದ. ಸುವರ್ಣಾ ಅವರ ಮೊದಲ ಮಗಳು. ದಾಕ್ಷಾಯಣಿ ಹುಟ್ಟುವ ಮೊದಲೇ ಅಪಘಾತದಲ್ಲಿ ತೀರಿಹೋಗಿದ್ದಳು. ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

“ನಾ ಕಟ್ಟಿ ಮ್ಯಾಲೆ ಕುಂತು ಅಕ್ಕಿ ಹಸನ ಮಾಡಾಕತ್ತಿದ್ದೆ,” ಎಂದು ಶಂಕ್ರವ್ವ ತನ್ನ ಕಾಲನ್ನೇ ನೋಡುತ್ತ ಹೇಳಿದಳು. “ಕೂಸು ಓಣ್ಯಾಗ ಆಡಾಕತ್ತಿತ್ತು. ನೀರಿನ ಟ್ಯಾಂಕರ್ ಹಿಂದಕ್ಕ ಬಂತು. ನಾ ಎದ್ದೆ. ಎದ್ದು ನಿಂತೆ, ಅಷ್ಟ. ಓಣಿ ತುದಿಯಿಂದ ಇವರು ಓಡಿ ಬಂದ್ರು. ನಾ ನಿಂತದ್ದು ಇವರೂ ನೋಡ್ಯಾರ, ಎಲ್ಲಾರೂ ನೋಡ್ಯಾರ. ಯಾಕ ನಿಂತಿ ಅಂತ ಕೇಳಿದ್ರು. ಓಡೂ ಮನಸ್ಸು ನಂಗ ಬರಲೇ ಇಲ್ಲೇನೋ, ಎಂಥಾ ತಾಯಿ ನಾನು ಅಂತ ತಿಳಕೊಂಡ ಇಷ್ಟು ವರ್ಷ ಬದುಕೀನ್ರೀ.”

ಪಟ್ಟಿಯ ಸದ್ದು ಈಗ ಸಣ್ಣದಾಗಿತ್ತು. ಡಾಕ್ಟರು ಈ ರೋಗದ ಕಾರಣ ಹುಡುಕುತ್ತ ಎಷ್ಟೋ ಮನೆತನಗಳನ್ನು ಪರೀಕ್ಷಿಸಿದ್ದರು, ಆದರೆ ಅವರ ಸಂಶೋಧನೆ ಇಂಥ ಪ್ರಶ್ನೆಯನ್ನು ಎದುರಿಸಿರಲಿಲ್ಲ. ಅವರು ಕುರ್ಚಿ ಹತ್ತಿರಕ್ಕೆಳೆದುಕೊಂಡರು.

“ಮನಸ್ಸಿಲ್ಲದಿದ್ದರೆ ಕಾಲು ಬಿಗಿಯುತ್ತಲೇ ಇರಲಿಲ್ಲ, ಅಮ್ಮ. ಓಡು ಎಂದು ಮನಸ್ಸು ಹೇಳಿದಾಗಲೇ ಈ ಸ್ನಾಯು ಹಿಡಿದುಕೊಳ್ಳುವುದು. ಗಾಬರಿಯಾದಷ್ಟೂ ಗಟ್ಟಿಯಾಗಿ.”

ಶಂಕ್ರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದಾಕ್ಷಾಯಣಿ ಬಂದು ಅವಳ ಹೆಗಲು ಹಿಡಿದಳು.

ಬಸಣ್ಣೆಪ್ಪ ಧೋತರವನ್ನು ಮೊಣಕಾಲಿನ ಮೇಲಕ್ಕೆ ಸರಿಸಿ, “ನಂಗೂ ಹಚ್ರಿ,” ಎಂದ. ಡಾಕ್ಟರು ಹೇಳಿದಂತೆ ಕಾಲು ಬಿಗಿದ, ಮಳೆಯ ಸದ್ದು ಬಂತು. ಬಿಟ್ಟ, ಕೋಣೆ ನಿಶ್ಶಬ್ದವಾಯಿತು. ಇನ್ನೊಮ್ಮೆ ಮಾಡಿದ. ಮತ್ತೆ ನಿಶ್ಶಬ್ದ.

“ನಂದು ಹೇಳಿದ ಮಾತು ಕೇಳ್ತದ,” ಎಂದ, ಶಂಕ್ರವ್ವನ ಕಾಲಿನ ಕಡೆ ನೋಡುತ್ತ.

ಮಾತ್ರೆಯಿಂದ ಗುಣವಾಗುತ್ತ ಬಂದರೆ ದಾಕ್ಷಾಯಣಿ ಠಾಣೆಗೆ ಮರಳಬಹುದೆಂದು ಡಾಕ್ಟರು ತಿಳಿಸಿದರು. ಅವಳು ಔಷಧಿಗಾಗಿ ಅಲ್ಲಿಯೇ ಉಳಿದಳು. ಗಂಡ ಹೆಂಡತಿ ಬಸ್ ನಿಲ್ದಾಣಕ್ಕೆ ಬಂದು ಬೆಂಚಿನ ಮೇಲೆ ಕುಳಿತರು. ಬಸ್ಸು ಬಂದಾಗ ಬಸಣ್ಣೆಪ್ಪ ಎಂದಿನಂತೆ ಮುಂದೆ ನಡೆದು ಮೆಟ್ಟಿಲ ಮೇಲೆ ಕಾಲಿಟ್ಟ. ಹಿಂತಿರುಗಿ ನೋಡಿದರೆ ಶಂಕ್ರವ್ವ ಬೆಂಚಿನ ಮುಂದೆ ಎದ್ದು ನಿಂತಿದ್ದಳು, ಅಷ್ಟೇ. ಕಂಡಕ್ಟರ್ ಅವಸರ ಮಾಡಿದ.

ಬಸಣ್ಣೆಪ್ಪ ಕೆಳಗಿಳಿದು ಬಂದು ಅವಳ ಪಕ್ಕ ನಿಂತ.

“ಹೋಗ್ಲಿ ಬಿಡು ಆ ಬಸ್ಸು,” ಎಂದ. “ಕಾಲು ಬರ್ಲಿ.”